ವಿನ್ನಾಟ್ಸ್ ಕಣಿವೆಯ ಏರುದಾರಿ

ಆಂಗ್ಲದೇಶದ ಡರ್ಬಿಷೈರ್ ಪ್ರಾಂತದಲ್ಲಿ ಕ್ಯಾಸಲ್‌ಟನ್ ಎಂಬ ಗ್ರಾಮವುಂಟು. ನಮ್ಮ ಮಗನೂ ಅವನ ಮಿತ್ರರೂ ಹಳೆಯ ಫೋಕ್ಸ್‌ವ್ಯಾಗನ್ ವ್ಯಾನುಗಳಲ್ಲಿ ಅಲ್ಲಿಗೆ ಹೋಗಿ ಶನಿವಾರ ಭಾನುವಾರ ಬಿಡಾರ ಹೂಡುವವರು. ಈ ಸಲ ನಾವೂ ಜೊತೆಗೂಡಿದೆವು. ನಾವು ಕುಳಿತ ವ್ಯಾನು 1966ರದು. ಯಂತ್ರವು ಹಿಂಭಾಗದಲ್ಲಿ, ಅದನ್ನು ತಣಿಸುವುದು ನೀರಲ್ಲ, ಗಾಳಿ. ಒಡೆಯನಿಗೆ ಅದು ತಂದೆಯಿಂದ ಬಂದ ಆಸ್ತಿ. ಈ ಏರನ್ನು ಹತ್ತದಿದ್ದರೆ ಮಾರಿಬಿಡುವುದೆಂದು ಆತನು ನಿಶ್ಚಯಿಸಿದ್ದನು.

ಗ್ರಾಮದ ಪಶ್ಚಿಮಕ್ಕೆ ಮಾಮ್ ಟಾರ್ ಗಿರಿ. ಹೆಸರಿಗೆ ತಾಯಿಬೆಟ್ಟವೆಂದು ಅರ್ಥ ಹೇಳುತ್ತಾರೆ; ನಮಗೆ ‘ಮಾತೃ’ ಶಬ್ದವು ನೆನಪಾಗದಿರಲಿಲ್ಲ. ಆದರೆ ಈ ತಾಯಿಯ ಮೈ ಸದಾ ಜರಿಯುತ್ತಿರುವುದು. ಕಣಿವೆಯ ಕಡಿದಾದ ಏರನ್ನು ತಪ್ಪಿಸಲೆಂದು 19ನೆಯ ಶತಮಾನದ ಆರಂಭದಲ್ಲಿ ಗಿರಿಯ ಪಕ್ಕದಲ್ಲಿ ಮಾಡಿದ್ದ ರಸ್ತೆಯು ಎಷ್ಟು ದುರಸ್ತಿಗೂ ನಿಲ್ಲದೆ, 1979ರಲ್ಲಿ ಶಾಶ್ವತವಾಗಿ ಮುಚ್ಚಲ್ಪಟ್ಟಿತು. ಡಾಂಬರಿನ ಪದರಗಳು ಇಂದಿಗೂ ಮೆಟ್ಟಿಲುಗಳಂತೆ ಮುರಿದು ಬಿದ್ದಿವೆ. ವಾಹನಗಳಿಗೆ ಮತ್ತೆ ಸುಣ್ಣಕಲ್ಲಿನ ಬಂಡೆಗಳ ನಡುವಣ ವಿನ್ನಾಟ್ಸ್ ಕಣಿವೆಯೇ ಗತಿಯಾಯಿತು. ಐದಡಿಗೆ ಒಂದಡಿಯ ಏರು!

ಭಾನುವಾರ ಬೆಳಿಗ್ಗೆ, ಭಾರವನ್ನು ಇಳಿಸಬೇಕೆಂದು ಒಡೆಯನು ವಿನಯದಿಂದ ಸೂಚಿಸಿದನು. ನಾವು ಇಳಿದು ನಡೆದೆವು. ಮೇಯುತ್ತಿದ್ದ ಕುರಿಗಳು ತಲೆಯೆತ್ತಿ ನೋಡಿದವು. ವ್ಯಾನು ಮೊದಲನೆಯ ಗೇರಿನಲ್ಲಿ ಏದುತ್ತ ನಮ್ಮನ್ನು ದಾಟಿತು. ಹಿಂದೆ ಹೊಸ ಕಾರುಗಳ ಸಾಲು, ಒಬ್ಬರೂ ಹಾರನ್ ಬಾರಿಸಲಿಲ್ಲ. ತಿರುವಿನಾಚೆ ಅದು ಮರೆಯಾಯಿತು. ಸದ್ದು ಮಾತ್ರ ಬಂಡೆಗಳಲ್ಲಿ ಮೊಳಗುತ್ತಿತ್ತು.

ನಾವು ಮೇಲೆ ಸೇರುವಷ್ಟರಲ್ಲಿ ಒಡೆಯನು ಯಂತ್ರದ ಮುಚ್ಚಳವನ್ನು ತೆರೆದಿಟ್ಟು, ಒಲೆಯ ಮೇಲೆ ಚಹದ ನೀರಿಟ್ಟಿದ್ದನು. ಮಾರುವ ಮಾತನ್ನು ಯಾರೂ ಎತ್ತಲಿಲ್ಲ.