ಎರಡು ಮೊಳೆ, ಒಂದು ದಾರ

ಗಣಿತದ ರೇಖೆಗಳಲ್ಲಿಯೂ ಪುಣ್ಯವಂತರು, ಪಾಪದವರು ಎಂಬುದುಂಟು. ವೃತ್ತವನ್ನು ಬಳೆಯಲ್ಲಿ, ಒಬ್ಬಟ್ಟಿನಲ್ಲಿ ಎಲ್ಲರೂ ಕಂಡಿದ್ದಾರೆ. ದೀರ್ಘವೃತ್ತಕ್ಕೆ ಗ್ರಹಗಳ ಸಹವಾಸ. ಪರವಲಯಕ್ಕೆ ಹುಡುಗರು ಮಾವಿನಕಾಯಿಗೆ ಎಸೆದ ಕಲ್ಲೇ ಸಾಕ್ಷಿ. ಅತಿಪರವಲಯವನ್ನು ಮಾತ್ರ ಪರೀಕ್ಷೆ ಮುಗಿದ ಮರುದಿನವೇ ಎಲ್ಲರೂ ಮರೆತುಬಿಡುತ್ತಾರೆ. ಹೆಸರೂ ಅದಕ್ಕೆ ತಕ್ಕಂತೆಯೇ ಇದೆಯೆನ್ನಿ. ಗ್ರೀಕರಲ್ಲಿ ಈ ರೇಖೆಗೂ ಅಲಂಕಾರಶಾಸ್ತ್ರದ ಅತಿಶಯೋಕ್ತಿಗೂ ಒಂದೇ ಮಾತು! ಆದರೆ ಇಷ್ಟು ಮಿತಭಾಷಿಯಾದ ರೇಖೆ ಇನ್ನೊಂದಿಲ್ಲವೆಂದು ನನ್ನ ಎಣಿಕೆ. ಎರಡು ನಾಭಿಗಳಿಂದ ತನ್ನ ದೂರಗಳ ವ್ಯತ್ಯಾಸ ಎಲ್ಲಿಯೂ ಬದಲಾಗದು ಎಂಬ ಒಂದೇ ಮಾತನ್ನು ಅದು ಆಡುವುದು.

ಕಳೆದ ಬೇಸಗೆಯಲ್ಲಿ, ಕೋಲಾರದ ಬಳಿಯ ಹುತ್ತೂರಿನ ನಮ್ಮ ಮನೆಯ ಜಗುಲಿಯ ಮೇಲೆ, ಮೊಮ್ಮಗಳಿಗಾಗಿ ಅದನ್ನು ಎಳೆದು ತೋರಿಸಿದೆ. ಹಲಗೆಯ ಮೇಲೆ 10 ಅಂಗುಲ ದೂರದಲ್ಲಿ ಎರಡು ಮೊಳೆ. 18 ಅಂಗುಲದ ಪಟ್ಟಿಯ ಒಂದು ತುದಿಯನ್ನು ಎಡಮೊಳೆಗೆ ಸುತ್ತುವಂತೆ ಸಿಕ್ಕಿಸಿದೆ. ಪಟ್ಟಿಯ ಇನ್ನೊಂದು ತುದಿಯಿಂದ ಬಲಮೊಳೆಗೆ 12 ಅಂಗುಲದ ದಾರ. ಪೆನ್ಸಿಲಿನಿಂದ ದಾರವನ್ನು ಪಟ್ಟಿಗೆ ಒತ್ತಿ, ಬಿಗಿ ಸಡಿಲದಂತೆ ಹಿಡಿದು ಪಟ್ಟಿಯನ್ನು ತಿರುಗಿಸಿದರೆ ಬಾಗಿದ ಗೆರೆಯೊಂದು ಮೂಡಿತು. ಪೆನ್ಸಿಲಿನಿಂದಾಚೆ ಪಟ್ಟಿ ಎಷ್ಟು ಉಳಿದಿದೆಯೋ ಅಷ್ಟೇ ದಾರವೂ ಅದರ ಮೈಗೆ ಅಂಟಿಕೊಂಡಿರುತ್ತದೆ. ಅದು ಎರಡು ಕಡೆಯಲ್ಲಿಯೂ ವಜಾ. ಉಳಿಯುವುದು ಪಟ್ಟಿಗೂ ದಾರಕ್ಕೂ ಇರುವ 6 ಅಂಗುಲದ ವ್ಯತ್ಯಾಸ. ಹುಡುಗಿ ನನ್ನ ಮಾತನ್ನು ನಂಬದೆ ಅಳೆದು ನೋಡಿದಳು: ಒಂದೆಡೆ 8 ಮತ್ತು 2, ಇನ್ನೊಂದೆಡೆ 11 ಮತ್ತು 5. ಮೊಳೆಗಳನ್ನು ಅದಲುಬದಲು ಮಾಡಿದರೆ ಎದುರು ಬದಿಯ ಗೆರೆಯೂ ಬಂತು.

“ಚೆನ್ನಾಗಿದೆ ತಾತ, ಆದರೆ ಇದರಿಂದ ಏನು ಉಪಯೋಗ?”

ಉಪಯೋಗ ಬೇಕೆಂದರೆ ನಮ್ಮ ಜಿಲ್ಲೆಯ ಚಿನ್ನದ ಗಣಿಗೇ ಹೋಗಬೇಕು. ಅಲ್ಲಿ ಕೆಲಸ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅದಿರು ತೆಗೆದಂತೆಲ್ಲ ಮೇಲಿನ ಭಾರ ಉಳಿದ ಬಂಡೆಯ ಮೇಲೆ ಬಿದ್ದು, ಒಂದು ಗಳಿಗೆಯಲ್ಲಿ ಬಂಡೆ ಸಿಡಿಯುತ್ತಿತ್ತು. ಹಿಂದಿನವರು ಅದನ್ನು ಏರ್ ಬ್ಲಾಸ್ಟ್ ಎಂದರು, ಆಮೇಲಿನವರು ರಾಕ್ ಬರ್ಸ್ಟ್ ಎಂದರು. ನನ್ನ ಸೋದರಮಾವ ಅಲ್ಲಿ ರಾತ್ರಿ ಪಾಳಿಯ ಕೆಲಸಗಾರರು. ಮನೆಯ ಪಾತ್ರೆಗಳು ಗಲಗಲ ಎಂದರೆ ಅತ್ತೆ ಎದ್ದು ದೀಪ ಹಚ್ಚಿ ಕೂಡುವರು. ಸಿಡಿದದ್ದು ಊರಿಗೆಲ್ಲ ಗೊತ್ತು. ಎಲ್ಲಿ ಸಿಡಿಯಿತು ಎಂಬುದು ಯಾರಿಗೂ ಗೊತ್ತಿಲ್ಲ. ಒಮ್ಮೆ ಬೆಳಗಿನ ಜಾವ ಮಾವ ಬಂದಾಗ ಅತ್ತೆ, “ಎಲ್ಲಂತೆ?” ಎಂದರು. “ನಮ್ಮ ಕಡೆಯಲ್ಲ” ಎಂದು ಹೇಳಿ ಮಾವ ಮುಖ ತೊಳೆಯಲು ಹೋದರು. ಅತ್ತೆ ದೀಪ ಆರಿಸಲಿಲ್ಲ. ನಮ್ಮ ಕಡೆಯಲ್ಲ ಎಂದರೆ ಇನ್ನಾರದೋ ಕಡೆ ಎಂದಾಯಿತಲ್ಲ.

ಈ ‘ಎಲ್ಲಿ’ ಎಂಬುದಕ್ಕೆ ನಮ್ಮ ರೇಖೆಯಲ್ಲಿ ಉತ್ತರವಿದೆ. ಎರಡು ಕಡೆ ಕಂಪನ ಗುರುತಿಸುವ ಯಂತ್ರಗಳನ್ನಿಟ್ಟು, ಎರಡಕ್ಕೂ ಒಂದೇ ಗಡಿಯಾರ ಕೊಟ್ಟಿದ್ದೇವೆನ್ನಿ. ಬಂಡೆಯಲ್ಲಿ ಅಲೆಯ ಓಟ ಸೆಕೆಂಡಿಗೆ ಸುಮಾರು 6 ಕಿಲೋಮೀಟರು. ಎರಡನೆಯ ಯಂತ್ರಕ್ಕೆ ಸುದ್ದಿ ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಮುಟ್ಟಿದರೆ, ಸಿಡಿದ ಜಾಗ ಅದಕ್ಕೆ 600 ಮೀಟರು ಹೆಚ್ಚು ದೂರ. ಸಿಡಿದದ್ದು ಯಾವ ಗಳಿಗೆಯಲ್ಲಿ ಎಂದು ಯಾರೂ ಹೇಳಬೇಕಾಗಿಲ್ಲ. ಕಳೆಯುವ ಲೆಕ್ಕದಲ್ಲಿ ಅದು ತಾನೇ ಬಿದ್ದುಹೋಗುತ್ತದೆ. ಯಂತ್ರಗಳೇ ಮೊಳೆಗಳು, 600 ಮೀಟರೇ ಪಟ್ಟಿಗೂ ದಾರಕ್ಕೂ ಇರುವ ವ್ಯತ್ಯಾಸ. ಸಿಡಿದ ಜಾಗ ಆ ಗೆರೆಯ ಮೇಲೆಯೇ ಇರಬೇಕು, ಅದೂ ಸುದ್ದಿ ಮೊದಲು ಮುಟ್ಟಿದ ಯಂತ್ರವನ್ನು ಬಳಸಿದ ಗೆರೆಯ ಮೇಲೆ. ಮೂರನೆಯ ಯಂತ್ರವೊಂದಿದ್ದರೆ ಇನ್ನೊಂದು ಗೆರೆ ಬಂದು ಇದನ್ನು ಕತ್ತರಿಸುತ್ತದೆ.

ಕಾಗದದ ಮೇಲೆ ಇದು ಸುಲಭ. ಗಣಿಯಲ್ಲಿ ಆಳವೂ ಸೇರುವುದರಿಂದ ಗೆರೆಯ ಬದಲು ಬೋಗುಣಿಯಂಥ ಮೈ ಬರುತ್ತದೆ, ನಾಲ್ಕನೆಯ ಯಂತ್ರ ಬೇಕಾಗುತ್ತದೆ. ಅವುಗಳನ್ನು ಒಂದೇ ಸಾಲಿನಲ್ಲಿ ಹೂತರೂ ಆಗದು. ಸಾಲಿನ ಸುತ್ತ ಯಾವ ಬದಿಯೆಂಬುದು ತಿಳಿಯದೆ ಹೋಗುತ್ತದೆ. 1970ರ ದಶಕದ ಕೊನೆಗೆ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದವರ ನೆರವಿನಿಂದ ಗಣಿ ಪ್ರದೇಶದಲ್ಲಿ ಇಂಥ ಯಂತ್ರಗಳ ಜಾಲ ಬಂತು. ಪಟ್ಟಿ ತಿರುಗಿಸುವ ಕೆಲಸವನ್ನೆಲ್ಲ ಲೆಕ್ಕವೇ ಮಾಡಿತು.

ಮಾವ ಆ ವೇಳೆಗೆ ನಿವೃತ್ತರಾಗಿ ಹುತ್ತೂರಿಗೆ ಬಂದಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಸುದ್ದಿಯನ್ನು ಅತ್ತೆಗೆ ನಾನೇ ಓದಿ ಹೇಳಿದೆ. ಕೇಳಿ, ರಾತ್ರಿ ಪಾಳಿಯೂ ಇಲ್ಲವೆ ಎಂದರು. ಇಲ್ಲ ಎಂದೆ.