ಏಳುನೂರು ಅಡಿ

1990ರ ಫೆಬ್ರವರಿ 14, ಬುಧವಾರ. ಮಧ್ಯಾಹ್ನ ಒಂದು ಗಂಟೆ ದಾಟಿತ್ತಷ್ಟೆ. ಬೊಂಬಾಯಿಯಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ 605ನೇ ನಂಬರಿನ ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನಕ್ಕೆ ಬಡಿಯಿತು. ಪುಟಿದು ಮತ್ತೆ ಬಿತ್ತು, ದಿಬ್ಬಕ್ಕೆ ಗುದ್ದಿ ಹೊತ್ತಿಕೊಂಡಿತು. ಒಳಗಿದ್ದವರು 146 ಮಂದಿ, ಸತ್ತವರು 92. ಮಳೆಯಿಲ್ಲ, ಮಂಜಿಲ್ಲ, ಹಗಲು ಬೆಳಕು. ವಿಮಾನವೋ ಹೊಚ್ಚಹೊಸ ಏರ್‌ಬಸ್ ಎ320. ಕಣ್ಣಿಗೆ ರನ್‌ವೇ ಕಾಣುತ್ತಿರುವಾಗ ಅದು ನೆಲಕ್ಕೆ ಯಾಕೆ ಬಿತ್ತು ಅಂತ ಊರಿಗೆ ಊರೇ ಕೇಳುತ್ತಿತ್ತು.

ಒಂದೊಂದು ಹೋಟೆಲಿನಲ್ಲಿ ಒಂದೊಂದು ತೀರ್ಪು. ಕಂಪ್ಯೂಟರ್ ಕೆಟ್ಟಿತು ಅಂದವರೇ ಹೆಚ್ಚು. ಇದೇ ಮಾದರಿಯ ವಿಮಾನ 1988ರ ಜೂನ್‌ನಲ್ಲಿ ಫ್ರಾನ್ಸಿನ ಆಬ್ಸೈಮ್‌ನಲ್ಲಿ, ಪ್ರದರ್ಶನ ಹಾರಾಟ ಮಾಡುತ್ತಾ ಮರಗಳಿಗೆ ನುಗ್ಗಿತ್ತು. ಅಲ್ಲಿ ಹಾರಾಟ ದಾಖಲಿಸುವ ರೆಕಾರ್ಡರಿನ ಮೇಲೇ ಅನುಮಾನ ಎದ್ದು ವರ್ಷಗಟ್ಟಲೆ ಜಗಳವಾಯಿತು. ಇಲ್ಲಿ ಸರ್ಕಾರ ಇಂಡಿಯನ್ ಏರ್‌ಲೈನ್ಸ್‌ನ ಎ320ಗಳನ್ನೆಲ್ಲ ನೆಲಕ್ಕಿಳಿಸಿ ನಿಲ್ಲಿಸಿತು. ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ಟರ ವಿಚಾರಣೆ ಶುರುವಾಯಿತು.

ನಾನಾಗ ಬೆಂಗಳೂರಿನಲ್ಲೇ ಮಾಪನ ಉಪಕರಣಗಳ ಕೆಲಸದಲ್ಲಿದ್ದೆ. ತನಿಖೆಗೂ ನನಗೂ ಏನೂ ಸಂಬಂಧವಿರಲಿಲ್ಲ. ಆದರೆ ಪರೀಕ್ಷಾ ಹಾರಾಟದ ಟೇಪುಗಳನ್ನು ಓದಿ ಓದಿ ಪಳಗಿದ ಹಿರಿಯರೊಬ್ಬರು ನಮ್ಮಲ್ಲಿದ್ದರು. ವರದಿ ಹೊರಬಂದ ಮೇಲೆ ಒಂದು ಸಂಜೆ ಅವರ ಮನೆಗೆ ಹೋದೆ. "ಸರ್, ಕಪ್ಪು ಪೆಟ್ಟಿಗೆ ಸಿಕ್ಕಿದ ಮೇಲೆ ಇನ್ನೇನು, ಅದೇ ಎಲ್ಲ ಹೇಳುತ್ತದಲ್ಲ?" ಅಂದೆ.

"ಅದು ಕಪ್ಪೂ ಅಲ್ಲ, ಹೇಳುವುದೂ ಇಲ್ಲ ಮಾರಾಯ. ಕಿತ್ತಳೆ ಬಣ್ಣದ ಡಬ್ಬಿ. ಹೇಳಿಸಬೇಕು," ಅಂದರು.

ಆಮೇಲೆ ಗ್ರಾಫ್ ಹಾಳೆ ತಂದು ಜಗಲಿಯಲ್ಲೇ ಹರಡಿದರು. ಆ ಕಾಲದ ಡಬ್ಬಿಗಳಲ್ಲಿ ಹೆಚ್ಚಿನವು ಮ್ಯಾಗ್ನೆಟಿಕ್ ಟೇಪಿನವು. ಕೊನೆಯ 25 ಗಂಟೆ ಉಳಿಯುತ್ತದೆ, ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಆಗಿನ ರೂಢಿಯ ಏರ್ಪಾಟಿನಲ್ಲಿ ಒಂದು ಸೆಕೆಂಡಿಗೆ 64 ಸಂಖ್ಯೆ, ಒಂದೊಂದೂ 12 ಬಿಟ್. ಅಂದರೆ ಸೊನ್ನೆಯಿಂದ 4095ರೊಳಗಿನ ಬರೀ ಅಂಕಿ. ಪ್ರತಿ ಸೆಕೆಂಡಿನ ತಲೆಯಲ್ಲಿ ಒಂದು ಗುರುತು ಇರುತ್ತದೆ. ಅದನ್ನು ಹಿಡಿದರೆ ಮಾತ್ರ ಎಷ್ಟನೆಯ ಅಂಕಿ ಎತ್ತರದ್ದು, ಎಷ್ಟನೆಯದು ವೇಗದ್ದು ಅಂತ ಗೊತ್ತಾಗುತ್ತದೆ. ಆ ಅಂಕಿಯನ್ನು ಅಡಿಗೋ ನಾಟ್‌ಗೋ ತಿರುಗಿಸಲು ಆ ವಿಮಾನದ್ದೇ ಕೋಷ್ಟಕ ಬೇಕು. ಇನ್ನೂ ಒಂದು ತೊಡಕು: ಎಲ್ಲವನ್ನೂ ಒಂದೇ ಕ್ಷಣದಲ್ಲಿ ಅಳೆದಿರುವುದಿಲ್ಲ. ಎರಡು ಗೆರೆ ಒಟ್ಟಿಗೆ ಮೇಲೆದ್ದಂತೆ ಕಂಡರೂ ನಡುವೆ ಅರ್ಧ ಸೆಕೆಂಡು ಇರಬಹುದು. ಕಾಕ್‌ಪಿಟ್ಟಿನ ಮಾತು ಬೇರೆ ಡಬ್ಬಿಯಲ್ಲಿರುತ್ತದೆ. ಪೈಲಟ್ ರೇಡಿಯೋ ಗುಂಡಿ ಒತ್ತಿದ್ದು ಎರಡರಲ್ಲೂ ದಾಖಲಾಗುವುದರಿಂದ ಆ ಒತ್ತುಗಳನ್ನು ಒಂದರ ಕೆಳಗೊಂದು ಇಟ್ಟು ಎರಡೂ ಟೇಪುಗಳ ಗಡಿಯಾರ ಸರಿಹೊಂದಿಸುತ್ತಾರೆ. ತಿಂಗಳುಗಳು ಹೋಗುವುದು ಇಂಥ ಕೆಲಸಕ್ಕೇ.

 

ಹಾಗೆ ಹೊಂದಿಸಿ ನೋಡಿದಾಗ ಕಂಡದ್ದು ಇದು. ಕಂಪ್ಯೂಟರ್ ಕೆಟ್ಟಿರಲಿಲ್ಲ, ಎಂಜಿನ್ನೂ ಕೆಟ್ಟಿರಲಿಲ್ಲ. ಎಂಜಿನ್ನುಗಳು ಕನಿಷ್ಠ ಬಲದಲ್ಲಿ, ಅಂದರೆ ಐಡಲ್‌ನಲ್ಲಿದ್ದವು, ಅಷ್ಟೇ. ವಿಮಾನ 'ಐಡಲ್ ಓಪನ್ ಡಿಸೆಂಟ್' ಎಂಬ ಕ್ರಮಕ್ಕೆ ಹೋಗಿತ್ತು. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದ ಲಾರಿಯ ಹಾಗೆ ಅದಕ್ಕೆ ಇಳಿದದ್ದೇ ವೇಗ. ಇಳಿತ ತಡೆಯಲು ಮೂತಿ ಎತ್ತಿದರೆ ವೇಗ ಸತ್ತುಹೋಗುತ್ತದೆ. ಇರಬೇಕಾಗಿದ್ದದ್ದು 132 ನಾಟ್, ಗೆರೆ 106ರ ತನಕ ಜಾರಿತ್ತು. ಎತ್ತರ ಕೂಗಿ ಹೇಳುವ ಯಂತ್ರ ನಾನೂರು, ಮುನ್ನೂರು, ಇನ್ನೂರು ಎಂದು ಹೇಳುತ್ತಲೇ ಇತ್ತು. ಆ ಹೊತ್ತಿಗೆ ಒಳಗಿದ್ದವರ ಮಾತು ಪರದೆಯ ಮೇಲೆ ಹಾರಾಟದ ದಾರಿ ತೋರಿಸುವ 'ಫ್ಲೈಟ್ ಡೈರೆಕ್ಟರ್' ಆರಿಸಿದ್ದೀರೋ ಇಲ್ಲವೋ ಎನ್ನುವುದರ ಸುತ್ತ. ಒಬ್ಬರು ತಮ್ಮದನ್ನು ಆರಿಸಿದ್ದರು, ಇನ್ನೊಬ್ಬರದು ಉರಿಯುತ್ತಲೇ ಇತ್ತು. ಎರಡೂ ಆರಿದ್ದರೆ ಯಂತ್ರವೇ ವೇಗ ಕಾಯುವ ಕ್ರಮಕ್ಕೆ ಬಂದು ಎಂಜಿನ್ನಿಗೆ ಬಲ ಕೊಡುತ್ತಿತ್ತು. ಕೊನೆಗೆ ಥ್ರಾಟಲ್ ಮುಂದೆ ಹೋಯಿತು, ಎಂಜಿನ್ನುಗಳು ಏರತೊಡಗಿದವು. ಆದರೆ ಜೆಟ್ ಎಂಜಿನ್ ಐಡಲ್‌ನಿಂದ ಮೇಲೇಳಲು ಸೆಕೆಂಡುಗಳು ಬೇಕು, ಕೆಳಗೆ ಅಷ್ಟು ಎತ್ತರವೇ ಉಳಿದಿರಲಿಲ್ಲ. ಆ ಕೊನೆಯ ಏರುಗೆರೆಯ ಮೇಲೆ ಬೆರಳಿಟ್ಟು ನಮ್ಮ ಹಿರಿಯರು ಬಹಳ ಹೊತ್ತು ಸುಮ್ಮನೆ ಕೂತರು.

"ಆದರೆ ಆ ಕ್ರಮಕ್ಕೆ ಹೋದದ್ದು ಹೇಗೆ ಸರ್?"

ನನ್ನನ್ನು ಇವತ್ತಿಗೂ ಕಾಡುವುದು ಅವರು ಅದಕ್ಕೆ ಕೊಟ್ಟ ಉತ್ತರ. ನೆಲಕ್ಕೆ ಬಡಿಯುವುದಕ್ಕೆ ಸುಮಾರು 35 ಸೆಕೆಂಡು ಮೊದಲು ಇಳಿತದ ವೇಗವನ್ನು ನಿಮಿಷಕ್ಕೆ 700 ಅಡಿ ಅಂತ ಇಡಬೇಕಾಗಿತ್ತು. ಅದರ ಬದಲು ಎತ್ತರವೇ 700 ಅಡಿ ಅಂತ ಇಟ್ಟುಬಿಟ್ಟಿರಬಹುದು. ಗಾಜಿನ ಕೆಳಗಿನ ಫಲಕದಲ್ಲಿ ಆ ಎರಡು ತಿರುಪುಗುಂಡಿಗಳೂ ಹತ್ತಿರ ಹತ್ತಿರ. ಬೆಂಗಳೂರೋ ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಮೇಲಿದೆ, 700 ಅಡಿ ಅಂದರೆ ನೆಲದೊಳಗೆ! ವಿಮಾನ ಮುಟ್ಟಲಾಗದ ಎತ್ತರವನ್ನು ಹುಡುಕಿಕೊಂಡು ಇಳಿಯುತ್ತಿತ್ತು.

"ಇದು ಟೇಪಿನಲ್ಲಿದೆಯೇ?" ಅಂದೆ.

"ಕೈ ಯಾವ ಗುಂಡಿ ಹಿಡಿಯಿತು ಅಂತ ಯಾವ ಟೇಪು ಬರೆದುಕೊಳ್ಳುತ್ತದೆ? ವೇಗ ಗೊತ್ತು, ಎತ್ತರ ಗೊತ್ತು, ಮಾತು ಗೊತ್ತು. ಈ ಮೂರಕ್ಕೂ ಒಪ್ಪುವ ಕಥೆ ಇದು. ಅದಕ್ಕೇ ನೋಡು, ಥ್ರಾಟಲ್ ತಡವಾದದ್ದನ್ನು ವರದಿ ಖಂಡಿತ ಮಾಡಿ ಹೇಳುತ್ತದೆ, ಗುಂಡಿಯ ವಿಷಯ ಬಂದಾಗ ಸಂಭವ ಅನ್ನುತ್ತದೆ."

ಜನ ಮಾತ್ರ ಪೈಲಟ್ ತಪ್ಪು ಅಂತ ಒಂದೇ ಮಾತಿನಲ್ಲಿ ಮುಗಿಸಿದರು. ಎರಡು ವರ್ಷ ಕೂಡ ತುಂಬಿರಲಿಲ್ಲ, 1992ರ ಜನವರಿ 20ರ ರಾತ್ರಿ ಸ್ಟ್ರಾಸ್‌ಬರ್ಗ್ ಹತ್ತಿರ ಇನ್ನೊಂದು ಎ320 ಬೆಟ್ಟಕ್ಕೆ ಹೊಡೆದು 87 ಜನ ಸತ್ತರು. ಅಲ್ಲಿಯೂ ಅದೇ ಫಲಕ. ಇಳಿಯುವ ಕೋನ 3.3 ಡಿಗ್ರಿ ಅಂದುಕೊಂಡು ಇಟ್ಟ 33 ಅನ್ನು ಯಂತ್ರ ನಿಮಿಷಕ್ಕೆ 3,300 ಅಡಿ ಎಂದು ತೆಗೆದುಕೊಂಡಿತು ಎನ್ನುವುದೇ ಹೆಚ್ಚು ಸಂಭವನೀಯ ಎಂದರು ತನಿಖೆಯವರು. ಆಮೇಲೆ ಏರ್‌ಬಸ್‌ನವರು ಆ ಫಲಕದಲ್ಲಿ ಇಳಿತದ ವೇಗವನ್ನು ಪೂರ್ತಿ ನಾಲ್ಕು ಅಂಕಿಯಲ್ಲಿ ತೋರಿಸುವ ಹಾಗೆ ಮಾಡಿದರು.