ಹನ್ನೆರಡನೆಯ ದಿನ

ಕೆಮ್ಮೆಂದು ಬಂದ ರಾಯರ ಎದೆಯನ್ನು ಪರೀಕ್ಷಿಸಿದ ವೈದ್ಯರು, "ಸಿಗರೇಟಿನ ಅಭ್ಯಾಸ ಉಂಟೋ?" ಎಂದು ಕೇಳುತ್ತಾರೆ. ರಾಯರು ಪಕ್ಕದಲ್ಲಿ ಕುಳಿತ ಮಡದಿಯತ್ತ ಓರೆನೋಟ ಬೀರಿ, "ದಿನಕ್ಕೆ ಒಂದೋ ಎರಡೋ" ಎನ್ನುತ್ತಾರೆ. ಜೇಬಿನಲ್ಲಿರುವ ಪ್ಯಾಕಿನ ಲೆಕ್ಕ ಬೇರೆ. "ಬಿಟ್ಟುಬಿಡಿ" ಎಂದು ವೈದ್ಯರು ಔಷಧ ಬರೆಯುತ್ತಾರೆ, ರಾಯರು ತಲೆದೂಗುತ್ತಾರೆ, ಇಬ್ಬರೂ ತಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತಾರೆ.

ಆ ಒಂದು ಮಾತೂ ವ್ಯರ್ಥವಲ್ಲ. ಲಂಡನ್ನಿನ ಸಾಮಾನ್ಯ ವೈದ್ಯರ ಚಿಕಿತ್ಸಾಲಯಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕ ಧೂಮಪಾನಿಗಳನ್ನು ಕುರಿತು ನಡೆಸಿದ ಪ್ರಯೋಗದ ಫಲಿತಾಂಶವನ್ನು ಮೈಕೇಲ್ ರಸೆಲ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದರು. ಏನೂ ಹೇಳದೆ ಬಿಟ್ಟವರಲ್ಲಿ ಮೊದಲ ತಿಂಗಳಲ್ಲೇ ತೊರೆದು ವರ್ಷ ಕಳೆದರೂ ಸೇದದೆ ಉಳಿದವರು ಶೇಕಡ 0.3, ವೈದ್ಯರಿಂದ ಬುದ್ಧಿಮಾತು ಕೇಳಿದವರಲ್ಲಿ 3.3, ಬುದ್ಧಿಮಾತಿನೊಡನೆ ಕರಪತ್ರವನ್ನೂ ಕೊಟ್ಟು, ಮುಂದೆ ವಿಚಾರಿಸಲಾಗುವುದೆಂದು ತಿಳಿಸಿದವರಲ್ಲಿ 5.1. ಇಪ್ಪತ್ತು ಜನರಲ್ಲಿ ಒಬ್ಬನೇ ಎಂದು ಮೂಗು ಮುರಿಯುವುದು ಸುಲಭ; ಆ ಒಬ್ಬನ ಮನೆಯವರು ಹಾಗೆನ್ನಲಾರರು.

ಆದರೆ ವೈದ್ಯರ ನಿಜವಾದ ಕೆಲಸ ಆರಂಭವಾಗುವುದು ರಾಯರು ಬಿಡಲು ಒಪ್ಪಿದ ಬಳಿಕ. ದಿನವೊಂದನ್ನು ಗೊತ್ತುಮಾಡಬೇಕು. ಮೊದಲ ವಾರಗಳಲ್ಲಿ ಸಿಡುಕು, ನಿದ್ರಾಭಂಗ, ಅತಿಯಾದ ಹಸಿವು ಬಂದಾವೆಂದು ಮಡದಿಗೂ ಮುಂಚಿತವಾಗಿ ತಿಳಿಸಬೇಕು. ಇಲ್ಲವಾದರೆ ಸಾರಿನ ಉಪ್ಪಿಗಾಗಿ ನಡೆದ ಜಗಳದ ಕಾರಣ ಆಕೆಗೆ ಹೊಳೆಯದು. ಸೇದಬೇಕೆಂಬ ಚಪಲ ಕೆಲವೇ ನಿಮಿಷಗಳಲ್ಲಿ ಇಳಿಯುವುದೆಂಬ ಧೈರ್ಯವನ್ನೂ ಕೊಡಬೇಕು. ನಿಕೋಟಿನ್ ಗಮ್ ಬರೆದುಕೊಟ್ಟರಷ್ಟೇ ಸಾಲದು. ಅದನ್ನು ಮಿಠಾಯಿಯಂತೆ ಒಂದೇ ಸಮನೆ ಜಗಿಯತಕ್ಕದ್ದಲ್ಲ. ನಿಧಾನವಾಗಿ ಜಗಿದು, ಬಾಯಿ ಚುರುಗುಟ್ಟಿದೊಡನೆ ಕೆನ್ನೆಯ ಸಂದಿಗೆ ಸರಿಸಬೇಕು. ತಾಂಬೂಲ ಬಲ್ಲವರಿಗೆ ಈ ವಿದ್ಯೆ ಬೇಗ ಸಿದ್ಧಿಸೀತು!

ಇಷ್ಟಾದರೂ ರಾಯರು ಒಂದು ಸಂಜೆ ಗೆಳೆಯರ ನಡುವೆ ಸೋಲುತ್ತಾರೆ. ಮರುದಿನದಿಂದ ಚಿಕಿತ್ಸಾಲಯದ ಬೀದಿಯನ್ನೇ ಬಿಟ್ಟು ಸುತ್ತುಬಳಸಿ ಮನೆ ಸೇರುತ್ತಾರೆ. ಶ್ವಾಸಕೋಶಕ್ಕಿಂತ ಮಾನ ದೊಡ್ಡದಾಗುವ ಗಳಿಗೆ ಅದು. ಅಲ್ಲಿ ಒಂದು ಕಟುನುಡಿ ಬಿದ್ದರೆ ರೋಗಿ ಕೈತಪ್ಪಿದಂತೆಯೇ. ಬಲ್ಲ ವೈದ್ಯರು ಹೇಳಿಕಳುಹಿಸಿ ಕರೆಸಿಕೊಳ್ಳುತ್ತಾರೆ. ಗದರುವುದಿಲ್ಲ.

"ಎಷ್ಟು ದಿನ ಬಿಟ್ಟಿದ್ದಿರಿ, ರಾಯರೇ?"

"ಹನ್ನೊಂದು ದಿನ, ಡಾಕ್ಟರೇ."

"ಹನ್ನೊಂದೇ! ಭೇಷ್. ಹನ್ನೆರಡನೆಯ ದಿನ ಏನು ನಡೆಯಿತು, ಹೇಳಿ."

ರಾಯರು ಕುರ್ಚಿಯನ್ನು ತುಸು ಮುಂದಕ್ಕೆಳೆದುಕೊಳ್ಳುತ್ತಾರೆ.